ಬೋರಲು ಹಾಕಿದ ಕಪ್

ಲಿಂಗಸುಗೂರು ಕಡೆಯ ಬಸ್ಸಿನ ಹಾರ್ನು ಕೇಳಿದೊಡನೆ ಆದೆಪ್ಪನ ಕೈ ತನ್ನಷ್ಟಕ್ಕೆ ಕನ್ನಡಕದ ಡಬ್ಬಿಗೆ ಹೋಯಿತು, ಹೋದದ್ದು ಅಲ್ಲೇ ನಿಂತಿತು. ಈಗ ಬಾಲಪ್ಪ ಬಸ್ಸಿನ ಟಾಪು ಹತ್ತುತ್ತಾನೆ. ಮೊದಲು ಕೋಳಿಬುಟ್ಟಿ, ಆಮೇಲೆ ಚೀಲಗಳು, ಎಲ್ಲಕ್ಕೂ ಕೊನೆಗೆ ಪೇಪರಿನ ಕಟ್ಟು ಇಳಿಸುತ್ತಾನೆ. ಕಟ್ಟನ್ನು ಬಗಲಲ್ಲಿ ಹಿಡಿದು ಹುಸೇನ್‌ಸಾಬನ ಹೋಟೆಲಿನ ಬಾಗಿಲ ತನಕ ಬರುತ್ತಾನೆ, ‘ಪೇಪರ್ ರೀ’ ಅನ್ನುತ್ತಾನೆ, ಹೋಗಿಬಿಡುತ್ತಾನೆ. ಹೋದರೆ ಹೋಗಲಿ! ಆದೆಪ್ಪ ಡಬ್ಬಿಯ ಮುಚ್ಚಳ ಟಕ್ಕನೆ ತೆರೆದ. ನಾನೇನು ಅವನ ರಟ್ಟೆ ಹಿಡಿದು ಹೊರಗೆ ದಬ್ಬಿದೆನೇ? ಕಾಯಿದೆ ಮುರಿದ, ಕಪ್ ಬೋರಲು ಹಾಕಿದೆ, ಅಷ್ಟೇ. ನಾಳೆ ಬಾ ಅಂತಲೇ ಅದರ ಅರ್ಥ. ಈ ಮಾತನ್ನು ಅವನು ಬೆಳಿಗ್ಗೆಯಿಂದ, ನಿನ್ನೆಯಿಂದ, ಮೊನ್ನೆಯಿಂದ ತನ್ನೊಳಗಿನ ಯಾರಿಗೋ ಹೇಳುತ್ತ ಬಂದಿದ್ದ. ಆ ಯಾರೋ ಒಪ್ಪುತ್ತಲೇ ಇರಲಿಲ್ಲ. ದಾರದುಂಡೆ ಕೊಳ್ಳಲು ಬಂದ ಹೆಂಗಸು ‘ಕೆಂಪಂದು ಕೇಳಿದ್ರ ಹಸರಂದು ಕೊಟ್ಟೀರಲ್ರೀ, ಎಲ್ಲೈತಿ ನಿಮ್ಮ ಖಬರು?’ ಅಂದಳು. ‘ಮಾಫ್ ಮಾಡವ್ವಾ’ ಅಂತ ಕೆಂಪು ದಾರ ಕೊಟ್ಟ. ಆ ಶಬ್ದ ಎಷ್ಟು ಸಲೀಸಾಗಿ ಬಾಯಿಂದ ಬಂತಲ್ಲ ಅಂತ ಅವಳು ಹೋದ ಮೇಲೂ ನಿಂತೇ ಇದ್ದ.

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಆದೆಪ್ಪನದು ದಾರ, ಗುಂಡಿ, ಬಳೆ, ರಿಬ್ಬನ್ನಿನ ಸಣ್ಣ ಅಂಗಡಿ. ಪಕ್ಕದ್ದೇ ಹುಸೇನ್‌ಸಾಬನ ಚಹಾದ ಹೋಟೆಲು. ಪೇಪರ್ ಬಂದ ಕೂಡಲೇ ಆದೆಪ್ಪ ಅಂಗಡಿಗೆ ಅರ್ಧ ಪರದೆ ಎಳೆದು ಹೋಟೆಲಿನ ಬೆಂಚಿಗೆ ಬಂದು ಕೂರುವುದು, ಮೊದಲ ಪುಟದಿಂದ ಕೊನೆಯ ಪುಟದ ತನಕ ಗಟ್ಟಿಯಾಗಿ ಓದುವುದು, ಓದು ಬಾರದವರೂ ಬಂದವರೂ ಕೂಡಿ ಕೇಳುವುದು, ಓದು ಮುಗಿದ ಮೇಲೆ ಎಲ್ಲರೂ ಮಾತಿಗೆ ಬೀಳುವುದು. ಹುಸೇನ್‌ಸಾಬ್ ಇದಕ್ಕೆ ಬೈಠಕ್ ಅನ್ನುತ್ತಿದ್ದ. ಮೊದಮೊದಲು ಮಾತು ಅಂದರೆ ಜಗಳವೇ. ನಾಲೆಯ ಸುದ್ದಿ ಬಂದರೆ ನೀರು ಇದ್ದವರದು ಒಂದು ಬೆಂಚು, ಇಲ್ಲದವರದು ಒಂದು ಬೆಂಚು. ಸಿಂಧನೂರು ಕಡೆಯ ವಲಸಿಗರ ಕ್ಯಾಂಪುಗಳಿಂದ ತೆಲುಗಿನ ರೈತರು ಬಂದು ಕೂತ ದಿನ ಭಾಷೆಯ ಜಗಳ. ಈ ವರ್ಷದ ಸುರುವಿನಲ್ಲಿ ಕೊಲ್ಲಿಯಲ್ಲಿ ಯುದ್ಧ ನಡೆದಾಗಂತೂ ಹೋಟೆಲಿನೊಳಗೇ ಎರಡು ಫೌಜು ಎದ್ದು ನಿಂತಿದ್ದವು. ಯಾರು ಮೊದಲು ಮಾತಾಡಬೇಕು, ಯಾರನ್ನು ನಿಲ್ಲಿಸಬೇಕು, ಯಾರದು ತಮಾಷೆ, ಯಾರದು ಕುಚೋದ್ಯ, ಬಾಯಿ ತೆರೆಯದೆ ಕೂತವನ ಬಾಯಿ ತೆರೆಸುವುದು ಹೇಗೆ, ಇದೆಲ್ಲ ಓದುವವನೇ ನೋಡಿಕೊಳ್ಳಬೇಕು ಅಂತ ಯಾರೂ ಆದೆಪ್ಪನಿಗೆ ಹೇಳಿರಲಿಲ್ಲ. ಆದರೂ ಅವನ ತಲೆಗೇ ಬಂತು. ಹೆಂಡತಿ ಕಸ್ತೂರೆಮ್ಮ ಇದಕ್ಕೆ ಪೇಪರ್ ಪಂಚಾಯ್ತಿ ಅಂತ ಹೆಸರಿಟ್ಟಿದ್ದಳು. ‘ಪಗಾರಿಲ್ಲದ ನೌಕರಿ ನಿಮ್ದು. ಬೈಗಳಾ ಮಾತ್ರ ದಿನಾ ತಪ್ಪಂಗಿಲ್ಲ’ ಅನ್ನುತ್ತಿದ್ದಳು.

ಕಪ್ ಬೋರಲು ಹಾಕುವ ಕಾಯಿದೆ ಹುಸೇನ್‌ಸಾಬ್ ತಂದದ್ದು, ಅದೂ ಚೇಷ್ಟೆಗೆ. ಸೈಕಲ್ ಅಂಗಡಿಯ ಬಸ್ಸಪ್ಪ ಒಂದು ದಿನ ಯಾರು ಹೇಳಿದರೂ ಸುಮ್ಮನಾಗದೆ ಅವ್ವ ಅಕ್ಕ ಅಂತ ಬೈಗುಳಕ್ಕೆ ಇಳಿದಾಗ, ಕೆಟಲು ಹಿಡಿದು ಬಂದ ಹುಸೇನ್‌ಸಾಬ್ ಚಹಾ ಹಾಕುವ ಬದಲು ಬಸ್ಸಪ್ಪನ ಕಪ್ಪನ್ನು ಬಸಿಯ ಮೇಲೆ ಬೋರಲು ಮಾಡಿ, ‘ಇವತ್ತಿಂದು ಮುಗೀತು ನಿಂದು. ನಾಳೆ ಬಾ’ ಅಂದ. ಬಸ್ಸಪ್ಪನೂ ನಕ್ಕುಬಿಟ್ಟ. ಅಂದಿನಿಂದ ಅದೇ ಕಾನೂನಾಯಿತು. ಬೈದರೆ ಕಪ್ ಬೋರಲು. ಅವತ್ತಿಗೆ ಚಹಾ ಇಲ್ಲ, ಮಾತಿಲ್ಲ, ಕೂತು ಕೇಳಬಹುದು. ಹಳೆಯ ಜಗಳ ಕೆದಕಬಾರದು ಅಂತ ಆದೆಪ್ಪ ಇನ್ನೊಂದನ್ನು ಸೇರಿಸಿದ: ಅವತ್ತಿನ ಪೇಪರಿನಲ್ಲಿ ಬಂದದ್ದರ ಮೇಲಷ್ಟೇ ಮಾತು. ಓದುವವನಿಗೂ ಕಾಯಿದೆ ಇತ್ತು, ಪೇಪರಿನಲ್ಲಿ ಇದ್ದದ್ದನ್ನು ಬಿಡುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಒಮ್ಮೆ ನಾಲೆಯ ಗಲಾಟೆಯ ಸುದ್ದಿಯೊಂದನ್ನು, ಮತ್ತೆ ಯಾಕೆ ಕಿಚ್ಚು ಅಂತ, ಆದೆಪ್ಪ ಹಾರಿಸಿ ಓದಿದ್ದು ಬಯಲಾಗಿ ಎಲ್ಲರೂ ಹೋ ಅಂತ ಕೂಗಿ ಅವನ ಕಪ್ಪನ್ನೇ ಬೋರಲು ಹಾಕಿಸಿದ್ದರು. ಚಹಾ ಇಲ್ಲದೆ ತಲೆ ಸಿಡಿಯುತ್ತಿದ್ದರೂ ಅವತ್ತು ಅವನಿಗೆ ಒಳಗೊಳಗೇ ಹಿಗ್ಗು. ಎಲ್ಲರಿಗೂ ಒಂದೇ ಕಾಯಿದೆ, ತನಗೂ ಅದೇ. ಇಂಥದ್ದು ಈ ಸುತ್ತಿನಲ್ಲಿ ಎಲ್ಲಿದೆ, ತೋರಿಸಿ ನೋಡೋಣ ಅಂತ ಸಂತೆಗೆ ಬಂದ ನೆಂಟರ ಹತ್ತಿರವೂ ಕೊಚ್ಚಿಕೊಂಡಿದ್ದ.

ಬಾಲಪ್ಪನ ಕಪ್ ಬೋರಲಾದ ದಿನದ ಸುದ್ದಿ ಏನು ಮಹಾ ದೊಡ್ಡದಲ್ಲ, ಒಳಪುಟದ ಮೂಲೆಯಲ್ಲಿ ನಾಲ್ಕಾರು ಸಾಲು. ಗುರುಗುಂಟಾದ ಹತ್ತಿರ ಬಸ್ಸೊಂದು ಹಳ್ಳಕ್ಕೆ ಉರುಳಿ ಗಾಯಗೊಂಡವರು ಇಂತಿಂಥವರು. ಒಬ್ಬರು ಮಾಸ್ತರು, ಒಬ್ಬರು ಗುಮಾಸ್ತರು, ಒಬ್ಬರು ವ್ಯಾಪಾರಿ, ಅವರವರ ಹೆಸರು, ಅವರವರ ಊರು. ಕೊನೆಗೆ, ಬಸ್ಸಿನ ಮೇಲಿದ್ದ ಹಮಾಲನೊಬ್ಬ ಸ್ಥಳದಲ್ಲೇ ಮೃತಪಟ್ಟಿದ್ದಾನೆ. ಮಾತೆಲ್ಲ ಡ್ರೈವರನ ತಪ್ಪೋ ರಸ್ತೆಯ ತಪ್ಪೋ ಅಂತ ಹೊರಟಿತ್ತು. ಬಾಲಪ್ಪ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿದ್ದ. ಅವನೂ ಹಮಾಲನೇ, ಬಸ್ ಬಂದರೆ ಎದ್ದು ಓಡಲು ಅನುಕೂಲ ಅಂತ ಅವನ ಜಾಗ ಯಾವಾಗಲೂ ಅದೇ. ಇಷ್ಟು ವರ್ಷ ಕೇಳಿಸಿಕೊಂಡು ಹೋಗಿದ್ದನೇ ಹೊರತು ಮಾತಾಡಿದವನಲ್ಲ. ಅವನು ಕೈ ಎತ್ತಿದ್ದು ನೋಡಿ ಆದೆಪ್ಪನಿಗೆ ಖುಷಿಯಾಯಿತು. ‘ಸುಮ್ಮಕ ಇರ್ರಿ, ಬಾಲಪ್ಪ ಮಾತಾಡತಾನ’ ಅಂದ. ‘ಅಲ್ರೀ,’ ಅಂದ ಬಾಲಪ್ಪ, ‘ಗಾಯ ಆದವ್ರ ಹೆಸ್ರು ಬಂದಾವ. ಸತ್ತಾವಂದು ಯಾಕ ಬಂದಿಲ್ಲ? ಅವಂಗ ಹೆಸ್ರು ಇದ್ದಿಲ್ಲೇನು? ಅವಾ...’ ಅಷ್ಟರಲ್ಲಿ ಅಮರಗುಂಡಪ್ಪನವರು. ವಳಕಮದಿನ್ನಿಯಲ್ಲಿ ನಾಲೆಯ ಕೆಳಗೆ ಭತ್ತದ ಗದ್ದೆ, ಮಸ್ಕಿಯಲ್ಲಿ ಮಾಳಿಗೆ ಮನೆ ಇರುವವರು. ಯಾರಿಗೂ ಒಂದು ಕೆಟ್ಟ ಮಾತು ಆಡದ ಹಿರಿಯರು. ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ, ಮೆಲ್ಲಗೆ, ಅಕ್ಕರೆಯಿಂದಲೇ ಅನ್ನುವ ಹಾಗೆ ಅಂದರು: ‘ಬಾಲಪ್ಪಾ, ನಿಮ್ಮವ್ರ ಹೆಸ್ರು ಪೇಪರಿನ್ಯಾಗ ಬರಬೇಕಂದ್ರ ಎಲೆಕ್ಷನ್‌ಗೆ ನಿಂದರಬೇಕಪ್ಪಾ. ಬಸ್ಸಿನ ಟಾಪಿನ ಮ್ಯಾಲ ಕುಂತ್ರ ಹೆಂಗ ಬಂದೀತು?’ ಹೋಟೆಲೆಲ್ಲ ನಕ್ಕಿತು. ಬಾಲಪ್ಪನ ಮುಖ ಬಿಗಿಯಿತು, ಬಾಯಿಂದ ಬಂದದ್ದು ಅಮರಗುಂಡಪ್ಪನವರ ತಾಯಿಯ ಮೇಲಿನ ಬೈಗುಳ. ಎಲ್ಲರ ಕಿವಿಗೂ ಬಿತ್ತು. ಎಲ್ಲರೂ ಆದೆಪ್ಪನ ಕಡೆ ನೋಡಿದರು. ಆದೆಪ್ಪ ಎದ್ದು ಹೋಗಿ ಬಾಲಪ್ಪನ ಕಪ್ಪನ್ನು ಬೋರಲು ಹಾಕಿದ. ಕಪ್ಪಿನಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು, ಅದು ಬಸಿ ತುಂಬಿ ಬೆಂಚಿಗೆ ಇಳಿಯಿತು.

ಬಾಲಪ್ಪ ಕೂತು ಕೇಳಲಿಲ್ಲ. ಕಪ್ಪನ್ನು ಬಸಿ ಸಮೇತ ಎತ್ತಿಕೊಂಡು ನೀರಿನ ಹಂಡೆಯ ಹತ್ತಿರ ಹೋಗಿ ತಾನೇ ತಿಕ್ಕಿ ತೊಳೆದ. ಆ ಹೋಟೆಲಿನಲ್ಲಿ ತನ್ನ ಕಪ್ ತಾನು ತೊಳೆಯುವ ಗಿರಾಕಿ ಯಾರೂ ಇರಲಿಲ್ಲ. ತೊಳೆದದ್ದನ್ನು ಹೊರಗೆ ಒಯ್ದು ಕಿಟಕಿಯ ಹೊರಬದಿಯ ಕಟ್ಟೆಯ ಮೇಲೆ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದ. ಕೆಟಲು ಹಿಡಿದು ನಿಂತಿದ್ದ ಹುಸೇನ್‌ಸಾಬ್ ‘ಯಾ ಅಲ್ಲಾ’ ಅಂದದ್ದು ಆದೆಪ್ಪನಿಗಷ್ಟೇ ಕೇಳಿತು. ಆ ಕಿಟಕಿಯ ಪಕ್ಕದಲ್ಲಿ ಮೊದಲು ಒಂದು ಗೂಡು ಇತ್ತು. ಹುಸೇನ್‌ಸಾಬನ ಅಪ್ಪನ ಕಾಲದಲ್ಲಿ, ಊರಿನ ದೊಡ್ಡವರ ಮಾತಿಗೆ ಅಂಜಿ, ಊರ ಹೊರಗಿನ ಕೇರಿಯವರಿಗೆ ಬೇರೆ ಕಪ್ಪುಗಳನ್ನು ಆ ಗೂಡಿನಲ್ಲಿ ಇಡುತ್ತಿದ್ದರು. ಕುಡಿದವರೇ ತೊಳೆದು ಇಡಬೇಕು. ಚಡ್ಡಿಯ ಹುಡುಗ ಆದೆಪ್ಪ ನಿಜಾಮನ ಕಾಲದ ಉರ್ದು ಶಾಲೆಗೆ ಹೋಗುವಾಗ ನೋಡಿದ್ದ: ಬಾಲಪ್ಪನ ಅಪ್ಪ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿದು, ಕಪ್ ತೊಳೆದು, ನೀರು ಸೋರಲಿ ಅಂತ ಒಮ್ಮೆ ಕೊಡವಿ, ಗೂಡಿನಲ್ಲಿ ಬೋರಲು ಇಟ್ಟು ಹೋಗುವುದು. ಬೋರಲು! ತನ್ನಪ್ಪ ಸತ್ತ ಮೇಲೆ ಹುಸೇನ್‌ಸಾಬ್ ಮಾಡಿಸಿದ ಮೊದಲ ಕೆಲಸ ಆ ಗೂಡಿಗೆ ಇಟ್ಟಿಗೆ ತುಂಬಿ ಸುಣ್ಣ ಬಳಿಸಿದ್ದು. ಬಸ್ಸಪ್ಪನ ಕಪ್ ಬೋರಲು ಹಾಕಿದರೆ ತಮಾಷೆ, ತನ್ನದು ಹಾಕಿದರೆ ಹಿಗ್ಗು. ಅದೇ ಕಪ್, ಅದೇ ಬಸಿ, ಅದೇ ಕಾಯಿದೆ, ಬಾಲಪ್ಪನದು ಹಾಕಿದಾಗ ಮಾತ್ರ ಅದು ಆ ಮುಚ್ಚಿದ ಗೂಡಿಗೆ ಹೋಗಿ ಕೂತಿತು. ಯಾಕೆ ಇದು ತನಗೆ ಮೊದಲೇ ಹೊಳೆಯಲಿಲ್ಲ? ಹುಸೇನ್‌ಸಾಬ್ ಆ ಕಪ್ಪನ್ನು ಅಲ್ಲಿಂದ ತೆಗೆದಿಲ್ಲ. ‘ಇಟ್ಟಾವನ ತೆಗೀಬೇಕ್ರಿ. ನಾ ತೆಗದ್ರ ಅದಕ್ಕ ಮತ್ತೊಂದು ಅರ್ಥ ಆಗತೈತಿ’ ಅಂದಿದ್ದಾನೆ. ಕಪ್ಪಿನ ಮೇಲೆ ಬಸ್‌ಸ್ಟ್ಯಾಂಡಿನ ಧೂಳು ಕೂತಿದೆ.

‘ಪೇಪರ್ ರೀ.’

ಆದೆಪ್ಪ ಹೋಟೆಲಿನ ಬೆಂಚಿಗೆ ಬಂದು ಕೂರುವಷ್ಟರಲ್ಲಿ ಬಾಲಪ್ಪ ಬಾಗಿಲಲ್ಲಿ ನಿಂತಿದ್ದ. ಕಟ್ಟನ್ನು ಬೆಂಚಿನ ತುದಿಗೆ, ತನ್ನ ಖಾಲಿ ಜಾಗದ ಮೇಲೆ ಇಟ್ಟ. ‘ಬಾಲಪ್ಪಾ’ ಅಂದ ಆದೆಪ್ಪ. ‘ಏನ್ರೀ?’ ಅಂತ ತಿರುಗಿದ. ಮುಖದಲ್ಲಿ ಸಿಟ್ಟಿಲ್ಲ, ಏನೂ ಇಲ್ಲ, ಚೀಲ ಯಾವ ಬಸ್ಸಿಗೆ ಹಾಕಬೇಕು ಅಂತ ಗಿರಾಕಿಯನ್ನು ಕೇಳುವ ಮುಖ. ಆದೆಪ್ಪ ‘ಬಿಸಲು ಭಾಳ ಆಗೈತಲ್ಲ’ ಅಂದ. ‘ಹೌದ್ರಿ, ಆಗೈತಿ’ ಅಂದು ಬಾಲಪ್ಪ ಹೋದ. ಥೂ, ಬಿಸಿಲಂತೆ ಬಿಸಿಲು! ಇಷ್ಟು ಜನಕ್ಕೆ ಮಾತು ಹಂಚಿಕೊಡುವವನಿಗೆ ತನ್ನದೊಂದು ಮಾತು ಸಿಗಲಿಲ್ಲವಲ್ಲ. ಅವನು ಓದತೊಡಗಿದ. ಎಲೆಕ್ಷನ್ನಿನ ಸುದ್ದಿ ಓದುವಾಗ ಒಂದೇ ಸಾಲನ್ನು ಮತ್ತೆ ಓದಿದ, ಬಸ್ಸಪ್ಪ ‘ಅದನ್ನ ಆಗ್ಲೇ ಓದೀರಿ’ ಅಂತ ನೆನಪು ಮಾಡಬೇಕಾಯಿತು. ಓದು ಮುಗಿದಾಗ ಅಮರಗುಂಡಪ್ಪನವರು ಖಾಲಿ ಜಾಗದ ಕಡೆ ನೋಡಿ, ‘ಯಾಕ್ರಿ ಆದೆಪ್ಪನವ್ರ, ಬಾಲಪ್ಪ ಕುಂದ್ರಂಗಿಲ್ಲೇನು ಈಗ? ಪಾಪ, ಸಿಟ್ಟು ಮಾಡ್ಕೊಂಡಾನ. ನಂದೇನೂ ಇಲ್ಲಪ್ಪಾ ಅವನ ಮ್ಯಾಲ. ನಾ ಅವತ್ತೇ ಮರ್ತುಬಿಟ್ಟೀನಿ’ ಅಂದರು. ನಿಜವಾಗಿಯೂ ಮರೆತಿದ್ದರು, ಅದೇ ಆದೆಪ್ಪನಿಗೆ ಉರಿಯಿತು. ಇವರ ಕಪ್ಪನ್ನು ಯಾವ ಕಾಯಿದೆಯ ಮೇಲೆ ಬೋರಲು ಹಾಕುವುದು? ಬೈದಿಲ್ಲ, ಕೂಗಿಲ್ಲ, ಅಪ್ಪಾ ಅಂತಲೇ ಅಂದಿದ್ದಾರೆ. ಚುಚ್ಚಿ ಆಡಿದರೂ ಕಪ್ ಬೋರಲು ಅಂತ ಹೊಸ ಕಾಯಿದೆ ಮಾಡೋಣ ಅಂದರೆ, ಬೈಠಕ್ಕಿನ ಅರ್ಧ ಮಜವೇ ಚುಚ್ಚುವುದರಲ್ಲಿದೆ. ಬಸ್ಸಪ್ಪ ಹುಸೇನ್‌ಸಾಬನ ಚಹಾಕ್ಕೆ ನಾಲೆಯ ನೀರು ಅನ್ನುವುದೂ ಚುಚ್ಚಿದ್ದೇ. ಯಾವುದು ನಾಟಿತು, ಯಾವುದು ನಾಟಲಿಲ್ಲ ಅಂತ ನಾಟಿಸಿಕೊಂಡವನಿಗಷ್ಟೇ ಗೊತ್ತು. ಆದೆಪ್ಪ ಪೇಪರ್ ಮಡಚಿಟ್ಟು, ಇವತ್ತು ಮೈ ಸರಿಯಿಲ್ಲ ಅಂತ ಸುಳ್ಳು ಹೇಳಿ ಮನೆಗೆ ಹೋದ.

ಕಸ್ತೂರೆಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತಳು. ಅವನು ರೊಟ್ಟಿ ನೋಡುತ್ತ ಕೂತ.

‘ಮುರಿಯೂದು ಬಿಟ್ಟು ನೋಡಾಕತ್ತೀರಲ್ಲ, ಅದ್ರಾಗೂ ಏನರ ಛಾಪಿಸ್ಯಾರೇನು?’

ಅವನಿಗೆ ನಗು ಬಂತು, ನಗುವಿನ ಹಿಂದೆಯೇ ದುಃಖ ಬಂತು. ಹೇಳಿದ. ಕಪ್ಪಿನದು, ಗೂಡಿನದು, ಬಾಲಪ್ಪನ ಅಪ್ಪನದು, ಕಟ್ಟೆಯ ಮೇಲಿನ ಧೂಳಿನದು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಚೆನ್ನಾಗಿ ಕೇಳಿಸಿತು, ಒಂದು ತಪ್ಪನ್ನು ಇಷ್ಟು ಆಳಕ್ಕೆ ಇಳಿದು ಅರಿತವನು ಈ ಊರಲ್ಲಿ ತಾನೊಬ್ಬನೇ ಇರಬೇಕು ಅನ್ನುವ ಹಾಗೆ. ಕಸ್ತೂರೆಮ್ಮ ಎಲ್ಲ ಕೇಳಿ, ಮಜ್ಜಿಗೆಯ ಚೆಂಬು ಹತ್ತಿರ ಸರಿಸಿದಳು.

‘ಅಮರಗುಂಡಪ್ಪನವ್ರು ಹಂಗಂದಾಗ ನೀವು ನಕ್ಕ್ರೇನು?’

‘ಎಲ್ಲಾರೂ ನಕ್ಕ್ರು.’

‘ಎಲ್ಲಾರನ್ನ ಯಾರು ಕೇಳಿದ್ರೀ? ನಿಮ್ಮನ್ನ ಕೇಳಾಕತ್ತೀನಿ.’

ಆದೆಪ್ಪ ರೊಟ್ಟಿ ಮುರಿದ, ಮುರಿದದ್ದನ್ನು ಬಾಯಿಗೆ ಇಡಲಿಲ್ಲ. ನಕ್ಕಿದ್ದ. ಗಟ್ಟಿಯಾಗಿ ಅಲ್ಲ, ಮೂಗಿನಲ್ಲಿ ಒಮ್ಮೆ ಉಸಿರು ಬಿಟ್ಟಂತೆ, ತನಗೆ ಗೊತ್ತಾಗುವ ಮೊದಲೇ. ಅಮರಗುಂಡಪ್ಪನವರ ಮಾತು ಚೆಂದ ಇತ್ತು, ಸಮಯಕ್ಕೆ ಸರಿಯಾಗಿ ಬಿತ್ತು, ನಕ್ಕ. ನಗುತ್ತಲೇ ಬಾಲಪ್ಪನ ಕಡೆ ನೋಡಿದ. ಬಾಲಪ್ಪ ಅಮರಗುಂಡಪ್ಪನವರನ್ನಲ್ಲ, ತನ್ನನ್ನೇ ನೋಡುತ್ತಿದ್ದ. ಬೈಗುಳ ಬಂದದ್ದು ಆಮೇಲೆ. ‘ಸುಮ್ಮಕ ಇರ್ರಿ, ಬಾಲಪ್ಪ ಮಾತಾಡತಾನ’ ಅಂದವನು ತಾನು, ಅವನು ಬಾಯಿ ತೆರೆದಾಗ ನಕ್ಕವನೂ ತಾನು. ಇಷ್ಟು ದಿನ ಕಪ್ಪಿನ ಬಗ್ಗೆ ಮರುಗಿದ್ದೇ ಮರುಗಿದ್ದು. ಯಾಕೆಂದರೆ ಕಪ್ಪಿನದು ಹಳೆಯ ಕಾಲದ ತಪ್ಪು, ಊರಿನ ತಪ್ಪು, ಎಲ್ಲರದ್ದು. ಅದರಲ್ಲಿ ತನ್ನ ಪಾಲು ಎಷ್ಟು ಸಣ್ಣದು! ನಗು ಮಾತ್ರ ತನ್ನೊಬ್ಬನದೇ. ಅವನಿಗೆ ನಾಚಿಕೆಯಾಯಿತು, ಹೆಂಡತಿಯ ಮುಂದೆ ಕೂತು ಉಣ್ಣಲೂ ನಾಚಿಕೆಯಾಯಿತು.

‘ಹೋಗಿ ಬರ್ರಿ ಅವನ ಕಡೆ,’ ಅಂದಳು ಕಸ್ತೂರೆಮ್ಮ. ‘ಉಂಡು ಹೋಗ್ರಿ ಮತ್ತ. ಖಾಲಿ ಹೊಟ್ಟೀಲೆ ಮಾಫಿ ಕೇಳಾಕ ಹೋದ್ರ ಅಲ್ಲೇ ಅತ್ತುಬಿಡತೀರಿ ನೀವು, ನನಗ ಗೊತ್ತಿಲ್ಲೇನು.’

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಅವನು ಬಸ್‌ಸ್ಟ್ಯಾಂಡಿಗೆ ಹೋದ. ಸಿಂಧನೂರಿನಿಂದ ಬಂದು ಲಿಂಗಸುಗೂರಿಗೆ ಹೋಗುವ ಬಸ್ಸು ನಿಂತಿತ್ತು, ಬಾಲಪ್ಪ ಟಾಪಿನ ಮೇಲೆ ಚೀಲಗಳಿಗೆ ಹಗ್ಗ ಬಿಗಿಯುತ್ತಿದ್ದ. ದಾರಿಯುದ್ದಕ್ಕೂ ಆದೆಪ್ಪ ಮಾತು ಜೋಡಿಸಿಕೊಂಡು ಬಂದಿದ್ದ. ಮೆಲ್ಲಗೆ, ಪಕ್ಕದಲ್ಲಿ ನಿಂತು, ಹೆಗಲ ಮೇಲೆ ಕೈ ಇಟ್ಟು ಹೇಳುವಂಥ ಮಾತುಗಳು. ಈಗ ಕತ್ತು ಮೇಲೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕೂಗಬೇಕಾಯಿತು.

‘ಬಾಲಪ್ಪಾ, ಒಂದೀಟು ಕೆಳಗ ಬಾರಪ್ಪಾ.’

‘ಹಗ್ಗ ಕಟ್ಟಾಕತ್ತೀನ್ರಿ. ಅಲ್ಲಿಂದನ ಹೇಳ್ರಿ, ಕೇಳತೈತಿ.’

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಕಂಡಕ್ಟರು ಹತ್ತಿರ ಬಂದು ‘ಏನ್ರೀ, ಏನರ ಸಾಮಾನು ಕಳದೈತೇನು?’ ಅಂದ. ‘ಇಲ್ಲ’ ಅಂದ ಆದೆಪ್ಪ. ಕಿಟಕಿಯ ಮುದುಕಿಯೊಬ್ಬಳು ‘ಪಾಪ, ಏನೋ ಕಳ್ಕೊಂಡಾನ’ ಅಂತ ಪಕ್ಕದವಳಿಗೆ ಹೇಳಿದಳು.

‘ನಂದು ತಪ್ಪಾತು ಬಾಲಪ್ಪಾ,’ ಅಂತ ಆದೆಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ. ‘ಆ ಕಪ್ಪಿಂದು...’

‘ಕಪ್ಪಿಂದು ಬಿಡ್ರಿ.’ ಬಾಲಪ್ಪ ಹಗ್ಗಕ್ಕೆ ಮೊಣಕಾಲು ಕೊಟ್ಟು ಎಳೆದ. ‘ಬೈದೆ, ಹಾಕಿದ್ರಿ. ಕಾಯ್ದೆ ಐತಿ. ಹೊರಗ ಇಟ್ಟದ್ದು ಯಾಕಂದ್ರ, ನಿಮಗ ಚುರ್ ಅನ್ಲಿ ಅಂತನ ಇಟ್ಟೆ. ಅಂದೈತಲ್ಲ, ಅಲ್ಲಿಗೆ ಆತು.’ ಗಂಟು ಹಾಕಿದ. ಕೆಳಗೆ ನೋಡದೆಯೇ ಅಂದ, ‘ನೀವೂ ನಕ್ಕ್ರಿ.’

‘ಹೌದು,’ ಅಂದ ಆದೆಪ್ಪ. ‘ನಕ್ಕೆ.’

ಬೇರೇನೋ ಹೇಳುತ್ತಾನೆ ಅಂತ ಬಾಲಪ್ಪ ಕಾದಿರಬೇಕು. ಬಾಲಪ್ಪ ಟಾಪಿನ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

‘ಮಾತಾಡಂತ ನೀವ ಅಂದ್ರಿ. ನಾ ಅವನ ಹೆಸ್ರು ಹೇಳಾಕತ್ತಿದ್ದೆ. ಅದು ಬಾಯಾಗ ಉಳದುಬಿಡ್ತು ನೋಡ್ರಿ. ಅದ್ರದ ಸಂಕಟ ನನಗ.’

‘ಯಾರ ಹೆಸ್ರು?’

‘ಸತ್ತಾವಂದ್ರಿ. ಕನಕರಾಯ ಅಂತ. ಸಂತೆಕಲ್ಲೂರಾವ, ತಿಮ್ಮವ್ವನ ಮಗ. ಲಿಂಗಸುಗೂರು ಸ್ಟ್ಯಾಂಡಿನ್ಯಾಗ ಇರತಿದ್ದ. ನಿಮ್ಮ ಪೇಪರಿನ ಕಟ್ಟು ದಿನಾ ಬಸ್ಸಿಗೆ ಏರಸಾಂವ ಅವನ. ಅವಾ ಅಲ್ಲಿ ಏರಸ್ತಿದ್ದ, ನಾ ಇಲ್ಲಿ ಇಳಸ್ತಿದ್ದೆ. ವರ್ಷಗಟ್ಟಲೆ. ಕಟ್ಟಿನ ಹುರಿಯಾಗ ನನಗಂತ ಎರಡು ಎಲಿ ಸಿಗಸಿ ಕಳಸಾಂವ, ಅಡಿಕಿ ಹಾಕಿ. ಮುಖಾ ನೋಡಿದ್ದು ಯಾವಾಗರ ಒಮ್ಮೆ. ಎಲಿ ಮಾತ್ರ ದಿನಾ ಬರತಿದ್ವು.’ ಟವೆಲನ್ನು ಹೆಗಲಿಗೆ ಹಾಕಿಕೊಂಡ. ‘ಅವತ್ತು ಆ ಸುದ್ದಿ ಇದ್ದ ಕಟ್ಟು ಬಂತಲ್ರಿ, ಅದನ್ನ ಮತ್ಯಾರೋ ಏರಸಿದ್ರು. ಹುರಿಯಾಗ ಎಲಿ ಇದ್ದಿಲ್ಲ.’

ಕಂಡಕ್ಟರು ಸೀಟಿ ಊದಿದ. ಬಾಲಪ್ಪ ಹಿಂದಿನ ಏಣಿಯಿಂದ ಇಳಿದು ಬಂದ. ಆದೆಪ್ಪನಿಗಿಂತ ಅವನು ಕುಳ್ಳ. ಅದು ಈಗ ಪಕ್ಕದಲ್ಲಿ ನಿಂತಾಗ ನೆನಪಾಯಿತು. ಹೆಗಲ ಮೇಲೆ ಕೈ ಇಡಬೇಕು ಅಂದುಕೊಂಡದ್ದನ್ನು ಆದೆಪ್ಪ ಇಡಲಿಲ್ಲ, ಇಟ್ಟರೆ ಅದು ಅಮರಗುಂಡಪ್ಪನವರ ದನಿಯ ಹಾಗೆ ಆದೀತು ಅಂತ ಭಯವಾಯಿತು.

‘ನಾಳೆ ಬಾ ಬಾಲಪ್ಪಾ. ಬಂದು ಹೇಳು ಇದನ್ನ.’

‘ಹೆಂಗ ಹೇಳ್ಲಿ? ಅವತ್ತಿನ ಪೇಪರಿನ್ಯಾಗ ಬಂದದ್ದರ ಮ್ಯಾಲಷ್ಟ ಮಾತು ಅಂತ ನಿಮ್ದ ಕಾಯ್ದೆ ಐತಲ್ರಿ. ಆ ಸುದ್ದಿ ಹಳೇದಾತು.’ ಅವನು ನಕ್ಕ, ಬಹಳ ದಿನಗಳ ಮೇಲೆ. ‘ನಾಳೆ ಮತ್ತ ಅವನ ಹೆಸ್ರು ಪೇಪರಿನ್ಯಾಗ ಎಲ್ಲಿ ಬರಬೇಕು?’

ಮರುದಿನ ಬಿಸಿಲು ಅಷ್ಟೇ ಇತ್ತು. ಎಲ್ಲರೂ ಅವರವರ ಜಾಗದಲ್ಲಿದ್ದರು. ‘ಪೇಪರ್ ರೀ’ ಅಂತ ಬಾಲಪ್ಪ ಕಟ್ಟು ಇಟ್ಟ. ಆದೆಪ್ಪ ಹುರಿ ಬಿಚ್ಚುವಾಗ ಬೆರಳು ತಾನಾಗಿ ಎಲೆ ಹುಡುಕಿತು. ಈ ಹುರಿಯನ್ನು ಇಷ್ಟು ವರ್ಷ ಬಿಚ್ಚಿದ್ದೇನೆ, ತನ್ನ ಎಲೆಯನ್ನು ಮೊದಲೇ ತೆಗೆದುಕೊಂಡು ಬಾಲಪ್ಪ ಕಟ್ಟನ್ನು ನನಗೆ ಕೊಡುತ್ತಿದ್ದ, ಹುರಿ ಯಾರು ಕಟ್ಟಿದರು ಅಂತ ಒಮ್ಮೆಯೂ ಕೇಳಲಿಲ್ಲವಲ್ಲ ಅಂದುಕೊಂಡ. ಹುಸೇನ್‌ಸಾಬ್ ಬಿಸಿ ಚಹಾ ಹಾಕಿ ಹೋದ. ಬಾಲಪ್ಪ ತಿರುಗಿ ಹೊರಟಿದ್ದ. ಅವನು ಬಾಗಿಲು ದಾಟಿದರೆ ಮುಗಿಯಿತು. ಯಾವತ್ತೂ ಮೊದಲ ಪುಟದಿಂದ ಓದುವ ಆದೆಪ್ಪ ಅವಸರವಾಗಿ ಒಳಪುಟ ತೆರೆದ, ಮೂಲೆಯೊಂದಕ್ಕೆ ಬೆರಳಿಟ್ಟ. ಅಲ್ಲಿ ಇದ್ದದ್ದು ಸೀಮೆಎಣ್ಣೆಯ ಸುದ್ದಿ.

‘ಗುರುಗುಂಟಾದ ಬಳಿ ಬಸ್ ಉರುಳಿ ಮೃತಪಟ್ಟವರ ಹೆಸರು,’ ಅಂತ ಓದಿದ. ದನಿ ಗಟ್ಟಿಯಾಗಿಯೇ ಬಂತು. ‘ಮೃತರ ಹೆಸರು ಕನಕರಾಯ. ಇವರು ಸಂತೆಕಲ್ಲೂರಿನವರು. ತಾಯಿಯ ಹೆಸರು ತಿಮ್ಮವ್ವ. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಹಮಾಲರಾಗಿದ್ದರು. ಮಸ್ಕಿಗೆ ಬರುವ ಪತ್ರಿಕೆಗಳ ಕಟ್ಟನ್ನು ದಿನವೂ ಬಸ್ಸಿಗೆ ಏರಿಸುತ್ತಿದ್ದವರು ಇವರೇ.’

ಬಾಗಿಲ ಬೆಳಕು ಕದಲಲಿಲ್ಲ. ಬಾಲಪ್ಪ ಹೊಸ್ತಿಲ ಮೇಲೆ ನಿಂತಿದ್ದ. ‘ಈ ಕಟ್ಟನ್ನೇನು? ನಮ್ಮ ಈ ಕಟ್ಟನ್ನ?’ ಅಂದ ಬಸ್ಸಪ್ಪ. ಅಮರಗುಂಡಪ್ಪನವರು ಬಸಿ ಕೆಳಗಿಟ್ಟು ಕೈ ಚಾಚಿದರು.

‘ಎಲ್ಲೈತ್ರಿ ಅದು? ಕೊಡ್ರಿಲ್ಲಿ, ನೋಡೂಣು.’

ಆದೆಪ್ಪ ಪೇಪರ್ ಕೊಟ್ಟ. ಅವರು ಮೂಲೆ ನೋಡಿದರು, ಹಿಂದೆ ಮುಂದೆ ತಿರುವಿದರು.

‘ಇದ್ರಾಗ ಇಲ್ಲಲ್ರಿ ಇದು?’

‘ಇಲ್ರಿ,’ ಅಂದ ಆದೆಪ್ಪ. ‘ಬರಬೇಕಾಗಿತ್ತು. ಬಂದಿಲ್ಲ.’

ತನ್ನ ಕಪ್ಪನ್ನು ಎತ್ತಿ ಬೋರಲು ಹಾಕಿದ. ‘ಅಯ್ಯಯ್ಯ, ಈಗ ಹಾಕಿದ ಚಾ ರೀ!’ ಅಂತ ಹುಸೇನ್‌ಸಾಬ್ ಬಟ್ಟೆ ಹಿಡಿದು ಓಡಿ ಬಂದ. ಬಸಿ ತುಂಬಿ, ಬೆಂಚು ತುಂಬಿ, ಆದೆಪ್ಪನ ಧೋತರಕ್ಕೂ ಚಹಾ ಬಿತ್ತು. ತೊಡೆ ಚುರುಗುಟ್ಟಿತು. ಇನ್ನು ಇವತ್ತಿಗೆ ಅವನಿಗೆ ಮಾತಿಲ್ಲ. ಬಾ, ಕೂಡು, ಹೇಳು ಅಂತ ಬಾಲಪ್ಪನನ್ನು ಕರೆಯಬೇಕು, ಕರೆಯುವ ಹಕ್ಕನ್ನೇ ಈಗಷ್ಟೇ ಕಳೆದುಕೊಂಡಿದ್ದ. ಇದನ್ನು ಮೊದಲೇ ಯೋಚಿಸಿರಲಿಲ್ಲ! ಬೈಠಕ್ಕಿನ ಮಾತು ಇವತ್ತು ಯಾರ ಕೈಯಲ್ಲೂ ಇರಲಿಲ್ಲ. ಬಾಲಪ್ಪ ಹೊಸ್ತಿಲಿಂದ ಹೊರಗೆ ಹೋದ. ಆದೆಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಬಾಲಪ್ಪ ಕಿಟಕಿಯ ಆಚೆ ಕಂಡ, ಕಟ್ಟೆಯ ಮೇಲಿನ ಕಪ್ಪಿನ ಧೂಳನ್ನು ಉಫ್ ಅಂತ ಊದಿ, ಟವೆಲಿನ ತುದಿಯಿಂದ ಒಳಗೂ ಹೊರಗೂ ಒರೆಸುತ್ತಿದ್ದ. ಒಳಗೆ ಬಂದು ಬೆಂಚಿನ ತುದಿಯಲ್ಲಿ ಕೂತು ಕಪ್ಪನ್ನು ನೆಟ್ಟಗೆ ಇಟ್ಟ. ಹುಸೇನ್‌ಸಾಬ್ ಅಂಚಿನ ತನಕ ಚಹಾ ಹಾಕಿದ.

ಅಮರಗುಂಡಪ್ಪನವರು ಪೇಪರ್ ಮಡಚುತ್ತ, ‘ಪೇಪರಿನ್ಯಾಗ ಇಲ್ಲದ್ದಕ್ಕ...’ ಅಂತ ಮೆಲ್ಲಗೆ ಸುರು ಮಾಡಿದರು.

‘ಸುಮ್ಮಕ ಇರ್ರಿ,’ ಅಂದ ಬಸ್ಸಪ್ಪ. ‘ಬಾಲಪ್ಪ ಮಾತಾಡತಾನ.’

ಬಾಲಪ್ಪ ಆದೆಪ್ಪನ ಕಡೆ ನೋಡಿದ. ಆದೆಪ್ಪನ ಮುಖದಲ್ಲಿ ನಗುವಿರಲಿಲ್ಲ, ಕಣ್ಣು ತುಂಬಿ ಬಂದಿತ್ತು, ಉಂಡು ಬಂದಿದ್ದರೂ. ಬಾಲಪ್ಪ ಒಂದು ಗುಟುಕು ಕುಡಿದ.

‘ಅವನ ಹೆಸ್ರು ಕನಕರಾಯ,’ ಅಂತ ಯಾರೂ ಇನ್ನೂ ಹೇಳಿಯೇ ಇಲ್ಲ ಅನ್ನುವ ಹಾಗೆ ಮೊದಲಿನಿಂದ ಸುರು ಮಾಡಿದ. ‘ಎಲಿ ಅಡಿಕಿ ಅಂದ್ರ ಜೀವ ಅವಂಗ.’

ಹೊರಗೆ ಸಿಂಧನೂರಿನ ಬಸ್ಸು ಬಂದು ಹಾರ್ನು ಹೊಡೆಯಿತು. ಬಾಲಪ್ಪ ಏಳಲಿಲ್ಲ.